ಸಂಡಿಗಿ ಒಣಗಿಸೋ ಪೈಪು

ಸಂಡೂರಿನಾಗ ಬಿಸಿಲಿಗೆ ಸಂಡಿಗಿ ಹಾಕಿದ್ರ ಅದಿರಿನ ಧೂಳು ಕುಂತು ಸಂಜಿಗೆ ಕೆಂಪಗಾಗಿರ್ತಾವು. ಅದಕ್ಕ ನಾನು, ಕಬ್ಬಿಣ ಕಾರ್ಖಾನಿ ಕ್ಯಾಂಟೀನಿನ ಚೆನ್ನಬಸಮ್ಮ, ಹತ್ತು ವರ್ಷದಿಂದ ಹಿಂದಿನ ಖೋಲ್ಯಾಗ, ಫರ್ನೇಸಿನ ಹೊಗಿ ಹೋಗೋ ದೊಡ್ಡ ಪೈಪಿನ ಪಕ್ಕ ಒಣಗಿಸ್ತಿದ್ದೆ.

ಹೊಸ ಇಂಜಿನಿಯರ್ ಮಲ್ಲಿಕಾರ್ಜುನ್ ಬಂದು ಪೈಪು ಮುಟ್ಟಿ ಕೈ ಝಾಡಿಸಿಕೊಂಡ್ರು. "ಅಕ್ಕಾ, ಇಷ್ಟು ಕಾವು ಸುಮ್ನ ಹಾಳಾಗಾಕತ್ತೈತಿ. ಇದರಿಂದ ಫರ್ನೇಸಿಗೆ ಹೋಗೋ ಗಾಳಿ ಬಿಸಿ ಮಾಡಿದ್ರ ಕಲ್ಲಿದ್ದಲು ಉಳೀತೈತಿ."

"ಹಾಳು ಅಂತ ಯಾರು ಅಂದ್ರು? ನೀವು ದಿನಾ ಕೇಳಿ ಕೇಳಿ ತಿನ್ನೋ ಸಂಡಿಗಿ ಎಲ್ಲಿ ಒಣಗ್ತಾವು?" ಅಂದೆ. ನಕ್ಕು ಹೋದ್ರು.

ಒಂದು ತಿಂಗಳಿನಾಗ ಪೈಪಿಗೆ ಗಾಳಿ ಬಿಸಿ ಮಾಡೋ ಯಂತ್ರ ಕೂಡಿಸಿದ್ರು. ಕಲ್ಲಿದ್ದಲು ಉಳೀತು, ಪೈಪು ತಣ್ಣಗಾತು. ಮುಂದಿನ ವಾರ ಊಟಕ್ಕ ಕುಂತ ಇಂಜಿನಿಯರ್ ಸಾಹೇಬ್ರು ತಾಟು ನೋಡಿ, "ಅಕ್ಕಾ, ಸಂಡಿಗಿ ಎಲ್ಲಿ?" ಅಂದ್ರು.

"ಕಲ್ಲಿದ್ದಲು ಉಳದೈತಲ್ರಿ ಸಾಹೇಬ್ರ, ಅದರಾಗಿಂದ ಎರಡು ತುಂಡು ಕರದು ಹಾಕ್ಲೇನು?"