ಗಾಜಿನ ಮೇಲಿನ ಕ್ಷೌರ

ವೆಂಕೂಬಾಯಿ ಹಿತ್ತಲ ಬಾವಿಕಟ್ಟೆಯ ಮರೆಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಎದುರಿಗೆ ಕನ್ನಡಿ ಇರಲಿಲ್ಲ. ನಾಲ್ಕು ವರ್ಷದ ಹಿಂದೆ, ಅವಳ ಹತ್ತನೆಯ ವಯಸ್ಸಿನಲ್ಲಿ, ಗಂಡ ಜ್ವರದಿಂದ ತೀರಿಕೊಂಡನೆಂದು ಸಿರುಗುಪ್ಪದಿಂದ ಸುದ್ದಿ ಬಂದ ದಿನವೇ ಮನೆಯ ಒಂದೇ ಕನ್ನಡಿಯನ್ನು ತುಳಸಮ್ಮನವರು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು.

"ಇನ್ನೂ ಎಷ್ಟು ದಿನಾನೇ ಆ ಕೂದಲಿನ ಉಪಚಾರ?" ಪಡಸಾಲೆಯ ಮೆಟ್ಟಿಲಿನಿಂದ ತುಳಸಮ್ಮನವರ ದನಿ ಬಂತು. "ಆ ಕಡಿ ಸರಿ. ಮಡಿಯಾಗಿದ್ದೀನಿ, ಗಾಳಿಗೆ ಒಂದೆಳಿ ಹಾರಿ ಬಂದರೂ ಮತ್ತ ನೀರು ಹಾಕ್ಕೋಬೇಕು."

"ಹಾರಂಗಿಲ್ಲ ಅಜ್ಜಿ, ಬಿಗಿಯಾಗಿ ಹಿಡಕೊಂಡೀನಿ," ಎಂದಳು ವೆಂಕೂ. ನಿಜಕ್ಕೂ ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು.

ತುಳಸಮ್ಮನವರು ವೆಂಕೂಳ ತಂದೆ ನರಸಿಂಹರಾಯರ ಸೋದರತ್ತೆ. ಹನ್ನೊಂದಕ್ಕೆ ವಿಧವೆಯಾಗಿ, ಹದಿನಾಲ್ಕಕ್ಕೆ ತಲೆ ಬೋಳಿಸಿಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ನರಸಿಂಹರಾಯರನ್ನು ಸಾಕಿದವರು ಅವರೇ. ರಾಯರ ಹೆಂಡತಿ ತೀರಿಕೊಂಡ ಮೇಲೆ ವೆಂಕೂಳನ್ನು ಸಾಕಿದವರೂ ಅವರೇ. ಅವರ ಅಡಿಗೆಯನ್ನು ಬಳ್ಳಾರಿಯ ಎಂಥ ಮಡಿವಂತರೂ ಕಣ್ಣುಮುಚ್ಚಿ ಉಣ್ಣುತ್ತಿದ್ದರು. ಬೇರೆ ಹೆಮ್ಮೆ ಎಂಬುದು ಅವರಿಗಿರಲಿಲ್ಲ.

ಒಳಗೆ ನರಸಿಂಹರಾಯರು ಬೀಗರ ಕಾಗದವನ್ನು ಮೂರನೆಯ ಸಲ ಓದುತ್ತಿದ್ದರು. ಅವರು ಕಚೇರಿಯಲ್ಲಿ ನಕಲು ಗುಮಾಸ್ತರು. ತೆಲುಗಿನದಾಗಲಿ ಕನ್ನಡದ್ದಾಗಲಿ, ಬಂದ ಅರ್ಜಿಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿ, ಎರಡರ ಮೇಲೂ ಬೆರಳಿಟ್ಟು ಸಾಲುಸಾಲು ಹೋಲಿಸಿ, ಕೊನೆಗೆ 'ಅಸಲಿಗೆ ಸರಿಯಾಗಿದೆ' ಎಂದು ಸಹಿ ಹಾಕುವುದು ಇಪ್ಪತ್ತು ವರ್ಷದ ಕೆಲಸ. ಸಿರುಗುಪ್ಪದ ಶ್ರೀನಿವಾಸಾಚಾರ್ಯರ ಕಾಗದದಲ್ಲಿ ಹೋಲಿಸುವಂಥದ್ದೇನೂ ಇರಲಿಲ್ಲ. 'ನಮ್ಮ ಸೊಸೆ ಇನ್ನೂ ಸಕೇಶಿಯಾಗಿರುವಳೆಂದು ಕೇಳಿದ್ದೇವೆ. ತಲೆಯಲ್ಲಿ ಕೂದಲಿರುವ ತನಕ ನಮ್ಮ ಮಗನ ಶ್ರಾದ್ಧಕ್ಕೆ ಬ್ರಾಹ್ಮಣರು ಎಲೆಗೆ ಕೂಡಲೊಲ್ಲರು. ಬರುವ ಏಕಾದಶಿಯೊಳಗೆ ಕಾರ್ಯವಾದ ಖಾತ್ರಿ ತಲುಪದಿದ್ದರೆ ನಾವೇ ಬಂದು ಮಾಡಿಸತಕ್ಕದ್ದು.'

"ಇನ್ನೇನು ಓದ್ತೀಯಪ್ಪಾ? ಅದರಾಗ ಅಕ್ಷರ ಬದಲಾಗ್ತಾವೇನು?" ತುಳಸಮ್ಮ ಬಾಗಿಲಲ್ಲಿ ನಿಂತರು. "ಅವರು ಕೇಳೋದರಾಗ ತಪ್ಪೇನದ? ಮಗನ್ನ ಕಳಕೊಂಡವರು ಅವರು. ನನಗೂ ಮಾಡಿಸಿದರು. ನಾನೇನು ಸತ್ತೆನಾ?"

"ಇಲ್ಲ ಅತ್ತೀ."

"ಮತ್ತ? ಕೂದಲಿದ್ದರ ದೇವರ ಮನಿಗೆ ಬರೋಹಾಂಗಿಲ್ಲ, ತೀರ್ಥ ಇಲ್ಲ. ಅಕೀನ್ನ ಹಿಂಗ ಅಂಗಳದಾಗ ಎಷ್ಟು ವರ್ಷ ಇಡ್ತಿ? ನಿನ್ನ ಕರುಣದಿಂದ ಅಕಿಗೆ ಏನು ಸಿಕ್ಕದ ಹೇಳು."

ರಾಯರಿಗೆ ಅತ್ತೆಯ ಮಾತಿಗೆ ಎದುರಾಡಿ ಗೊತ್ತಿಲ್ಲ, ಬೀಗರಿಗೆ ಒಲ್ಲೆನೆಂದು ಬರೆಯುವ ಧೈರ್ಯವಿಲ್ಲ, ಕ್ಷೌರಿಕನನ್ನು ಕರೆಸಲು ಕೈ ಬರುವುದಿಲ್ಲ. ಆ ಇಕ್ಕಟ್ಟಿನಲ್ಲಿ ಅವರಿಗೆ ಹೊಳೆದದ್ದು ಒಂದೇ ದಾರಿ. ಫೋಟೋದ ಪಟ ಸುಳ್ಳು ಹೇಳುತ್ತದೆಂದು ಆಗ ಯಾರೂ ನಂಬುತ್ತಿರಲಿಲ್ಲ.

ಕೌಲ್ ಬಜಾರಿನಲ್ಲಿ ಶಾಮೀದಸಾಬರು ದಂಡಿನ ಗೋರಾ ಸಿಪಾಯಿಗಳ ಫೋಟೋ ತೆಗೆಯುತ್ತಿದ್ದರು. ಚಿತ್ರ ಮೂಡಿದ ಗಾಜನ್ನು, ಕಾಗದಕ್ಕೆ ಇಳಿಸುವ ಮೊದಲು, ತಿದ್ದುವವಳು ಅವರ ಹೆಂಡತಿ ಕುಬ್ರಾಬಿ, ಪರದೆಯ ಹಿಂದೆ. ಮುಖದ ಸಿಡುಬಿನ ಕಲೆಗಳನ್ನು ಸೀಸದ ಕಡ್ಡಿಯಿಂದ ತುಂಬಿ ನುಣ್ಣಗೆ ಮಾಡುವುದರಲ್ಲಿ ಅವಳ ಕೈಗೆ ಹೆಸರಿತ್ತು.

ಅತ್ತೆಗೆ ತಿಳಿಸದೆ ಮಗಳನ್ನು ಕರೆದುಕೊಂಡು ಹೋಗಿ ರಾಯರು ತಮಗೆ ಬೇಕಾದದ್ದನ್ನು ಹೇಳಿದಾಗ ಶಾಮೀದಸಾಬರು ನಕ್ಕೇಬಿಟ್ಟರು. "ಬೋಳು ತಲಿಯವರು ಕೂದಲು ಬರೆಸಾಕ ಬರ್ತಾರ ರಾಯರ. ಮೀಸಿ ಚಿಗರದ ಗೋರಾ ಮೀಸಿ ಬರಸ್ಕೊಂಡು ತಾಯಿಗೆ ಕಳಸ್ತಾನ. ಇದ್ದ ಕೂದಲು ತಗೀರಿ ಅಂದವರು ನೀವ ಮೊದಲಿನವರು." ಆಮೇಲೆ ಬಾಗಿಲ ಬಳಿ ಮುದುಡಿ ನಿಂತಿದ್ದ ವೆಂಕೂಳನ್ನು ನೋಡಿದರು. ನಗು ನಿಂತಿತು. "ಕೂಡವ್ವಾ. ಸೆರಗು ಸ್ವಲ್ಪ ಹಿಂದಕ ಇರಲಿ. ಉಸರು ಹಿಡಿ."

ಪರದೆಯ ಆಚೆಯಿಂದ ಕುಬ್ರಾಬಿ ಕೇಳಿದಳು, "ಹುಡುಗಿನ್ನ ಕೇಳೀರೇನ್ರಿ ರಾಯರ?"

"ಅವಳ ಒಳ್ಳೇದಕ್ಕಂತಲೇ ಮಾಡೋದು," ಎಂದರು ರಾಯರು.

ಮೂರು ದಿನ ಬಿಟ್ಟು ಹೋದಾಗ ಪರದೆಯ ಅಂಚಿನಿಂದ ಒಂದು ಕೈ ಚಾಚಿ ಮೂರು ಪಟ ಕೊಟ್ಟಿತು. ಬೆರಳ ತುದಿಯೆಲ್ಲ ಸೀಸದಿಂದ ಕಪ್ಪಾಗಿತ್ತು. "ತಿದ್ದಿದ್ದು ಎರಡು ಅದಾವ. ತಿದ್ದೋಕಿಂತ ಮೊದಲು ಒಂದು ಇಳಿಸಿ ಇಟ್ಟಿದ್ದೆ, ಅದನ್ನೂ ಒಯ್ರಿ. ಗಾಜಿನಾಗ ಕರೇದು ಬೆಳ್ಳಗ ಕಾಣತೈತ್ರಿ. ಆ ಹುಡುಗಿ ಕೂದಲು ನನಗ ಮುದುಕಿ ಕೂದಲಿನಂಗ ಕಂಡವು. ಒಂದೊಂದ ಎಳಿ ಮುಚ್ಚಿಕೋತ ಬಂದೆ." ಸ್ವಲ್ಪ ತಡೆದು ಹೇಳಿದಳು, "ಗಾಜಿನ ಮ್ಯಾಲಿಂದು ಒಮ್ಮೆ ಹೋದ್ರ ಹೋತು. ತಲಿ ಮ್ಯಾಲಿಂದು ಹಂಗಲ್ಲಲ್ರಿ ರಾಯರ."

ಆ ಮಾತು ರಾಯರ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಮನೆಯಲ್ಲಿ ಅವರು ತಿದ್ದದ ಪಟವನ್ನೂ ತಿದ್ದಿದ್ದರಲ್ಲಿ ಒಂದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ರೂಢಿಯಂತೆ ಒಂದೊಂದರ ಮೇಲೆ ಒಂದೊಂದು ಬೆರಳಿಟ್ಟರು. ಅದೇ ಕುರ್ಚಿ, ಅದೇ ಸೀರೆಯ ಮಡಿಕೆ, ಉಸಿರು ಬಿಗಿಹಿಡಿದ ಅದೇ ತುಟಿ. ಮೊದಲಿನದರಲ್ಲಿ ಹಣೆಯ ಮೇಲೆ ಕೂದಲ ಕಪ್ಪು ಗೆರೆ, ಕಿವಿಯ ಬಳಿ ಜಾರಿದ ಎರಡು ಎಳೆ, ಸೆರಗಿನೊಳಗೆ ತುರುಬಿನ ಉಬ್ಬು. ಎರಡನೆಯದರಲ್ಲಿ ಹಣೆ ಎಲ್ಲಿಯೂ ಮುಗಿಯದೆ ಹಾಗೇ ಸೆರಗಿನೊಳಗೆ ಹೋಗಿತ್ತು. ಕಿವಿಗಳು ದೊಡ್ಡದಾಗಿ ಕಂಡವು. ಕಣ್ಣು ಮಾತ್ರ ಯಾರೂ ತಿದ್ದಿರಲಿಲ್ಲ. ಆದರೂ ಅವು ಬೇರೆಯೇ ಆಗಿದ್ದವು.

"ಅಪ್ಪಾ," ವೆಂಕೂ ಹಿಂದೆ ಬಂದು ನಿಂತಿದ್ದಳು. ತನ್ನ ಮುಖವನ್ನು ಅವಳು ನಾಲ್ಕು ವರ್ಷದ ಮೇಲೆ ನೋಡುತ್ತಿದ್ದಳು. "ಇಷ್ಟಾದರ ಅವರು ಬಿಡ್ತಾರಲ್ಲ?"

"ಬಿಡ್ತಾರ."

ತಿದ್ದಿದ ಪಟವೊಂದು ಸಿರುಗುಪ್ಪಕ್ಕೆ ಹೋಯಿತು. ಹತ್ತು ದಿನಕ್ಕೆ ಉತ್ತರ ಬಂತು. 'ಪಟ ತಲುಪಿತು. ನೋಡಿ ತೃಪ್ತರಾದೆವು. ಇನ್ನು ಆಕೆ ಮಡಿಯಡಿಗೆಗೆ ಯೋಗ್ಯಳಾದ್ದರಿಂದ ಇಲ್ಲಿಯೇ ಇರತಕ್ಕದ್ದು. ಮುಂದಿನ ಅಮಾವಾಸ್ಯೆಗೆ ಶ್ರಾದ್ಧ. ಮುಂಚಿನ ದಿನ ಕಳಿಸುವುದು. ಬೆಳೆದಷ್ಟನ್ನು ತೆಗೆಯಲು ನಮ್ಮ ಕ್ಷೌರಿಕನಿಗೆ ಹೇಳಿಟ್ಟಿದ್ದೇವೆ. ಪ್ರತಿ ತಿಂಗಳೂ ತಪ್ಪದೆ ನಡೆಯುವುದು.'

ಪ್ರತಿ ತಿಂಗಳೂ. ರಾಯರು ಕಾಗದ ಹಿಡಿದು ಕೂತೇ ಇದ್ದರು. ತಾವು ಹುಟ್ಟಿದಾಗಿನಿಂದ ಈ ಮನೆಯ ಹಿತ್ತಲಿಗೆ ತಿಂಗಳಿಗೊಮ್ಮೆ ಕ್ಷೌರಿಕ ಬರುತ್ತಿದ್ದ. ಅತ್ತೆ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂಡುತ್ತಿದ್ದರು. ಅದನ್ನು ನೋಡದಂತೆ ಹಾದುಹೋಗುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಪಟದಲ್ಲಿ ಒಮ್ಮೆ ತೆಗೆದರೆ ಮುಗಿಯಿತೆಂದೇ ತಿಳಿದಿದ್ದರು. ಮಗಳನ್ನು ಉಳಿಸಲು ಹೋಗಿ, ಕರೆದುಕೊಂಡು ಹೋಗಿರೆಂದು ಬೀಗರ ಕೈಗೇ ಕೊಟ್ಟಂತಾಗಿತ್ತು.

ಉಳಿದ ಎರಡು ಪಟಗಳು ಮೇಜಿನ ಮೇಲೇ ಇದ್ದವು. ಮಧ್ಯಾಹ್ನ ತುಳಸಮ್ಮನವರು ಒಂದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಕಣ್ಣು ಮಂಜಾಗಿತ್ತು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ನರಸಿಂಹಾ, ಇದನ್ನ ಯಾವಾಗ ತಗದರು?"

"ಹೋದ ತಿಂಗಳು, ಅತ್ತೀ."

"ಹುಚ್ಚಪ್ಪ! ಹೋದ ತಿಂಗಳು ನನಗ ಈ ಮುಖ ಎಲ್ಲಿಂದ ಬರಬೇಕು?" ಅವರು ಮೆಲ್ಲಗೆ ನಕ್ಕರು. "ಇದು ನಾನು. ಕೆಂಚನಗುಡ್ಡದ ಹೊಳಿದಂಡಿಗೆ ನನಗ ಕ್ಷೌರ ಮಾಡಿಸಿದರಲ್ಲ, ಮುಗದ ಮ್ಯಾಲೆ ಹೊಳಿಗೆ ಮುಳುಗಲಿಕ್ಕೆ ಬಗ್ಗಿದೆ. ನೀರಾಗ ಹಿಂಗ ಕಂಡೆ. ಯಾರೋ ಬ್ಯಾರೆ ಹುಡುಗಿ ಅಂತ ಹೆದರಿ ಹಿಂದಕ್ಕ ನೋಡಿದೆ, ಯಾರೂ ಇರಲಿಲ್ಲ. ಆಮ್ಯಾಲೆ ಒಮ್ಮೆಯೂ ನೋಡಿಕೊಂಡಿಲ್ಲ. ಯಾರು ತಗದರಪ್ಪಾ? ಆವಾಗ ಪಟ ಎಲ್ಲಿದ್ದವು?"

ರಾಯರು ಎದ್ದು ಬಂದು ಇನ್ನೊಂದು ಪಟವನ್ನು ಅವರ ಕೈಗಿಟ್ಟರು.

"ಇದು ವೆಂಕೂ," ಎಂದರು ತುಳಸಮ್ಮ.

"ಎರಡೂ ವೆಂಕೂನೇ, ಅತ್ತೀ."

ಅವರು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತರು. ಬಿಸಿಲು ಅಂಗಳ ದಾಟಿ ಬಾವಿಕಟ್ಟೆಗೆ ಹೋಗುವ ತನಕ ಕೂತಿದ್ದರು. ಅಂದು ಸಂಜೆ ಒಲೆ ಹಚ್ಚಲಿಲ್ಲ.

ಅಮಾವಾಸ್ಯೆಗೆ ಎರಡು ದಿನ ಮುಂಚೆ, ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಗಾಡಿ ಬೆಳಿಗ್ಗೆಯೇ ಬಾಗಿಲಿಗೆ ಬಂತು. ವೆಂಕೂ ಗಂಟು ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ಅದನ್ನೇ ರಾಯರಿಗೆ ನೋಡಲಾಗುತ್ತಿರಲಿಲ್ಲ.

"ಆ ಗಂಟು ಇಳಿಸು," ಎಂದರು ತುಳಸಮ್ಮ. "ನಾ ಹೋಗ್ತೀನಿ."

"ಅತ್ತೀ, ಅವರು ಒಪ್ಪಂಗಿಲ್ಲ. ಊರವರು ಇನ್ನ ನಿಮ್ಮ ಕೈಯಾಗ ನೀರು ಸುದ್ಧಾ..."

"ಗೊತ್ತದ. ಅವರು ಬಂದು ಎಳಕೊಂಡು ಹೋದರ ನಾನೂ ತಡೀಲಾರೆ, ನೀನೂ ತಡೀಲಾರಿ. ಆದರ ನಾನಾಗಿ ಕಳಸಂಗಿಲ್ಲ. ಆ ಮೊದಲಿನ ಪಟ ಕೊಡು, ಅವರ ಮುಂದ ಇಡ್ತೀನಿ."

ರಾಯರು ತಿದ್ದದ ಪಟವನ್ನು ತಿರುವಿ ಹಾಕಿ, ಲೇಖನಿ ಅದ್ದಿ, ಹಿಂದೆ ಒಂದು ಸಾಲು ಬರೆದರು: 'ಇದು ಅಸಲು. ಹಿಂದೆ ಕಳಿಸಿದ್ದು ನಕಲು, ಅಸಲಿಗೆ ಸರಿಯಾಗಿಲ್ಲ.' ಕೆಳಗೆ ಸಹಿ ಹಾಕಿದರು.

ತುಳಸಮ್ಮನವರು ಅದನ್ನು ತಮ್ಮ ಗಂಟಿನಲ್ಲಿಟ್ಟು ಬಾಗಿಲ ತನಕ ಹೋದವರು ತಿರುಗಿ ಬಂದು ಜಗಲಿಯ ಮೇಲೆ ಕೂತರು. ಸ್ನಾನವಾಗಿತ್ತು, ಮಡಿಯುಟ್ಟಿದ್ದರು.

"ಬಾ ಇಲ್ಲೆ. ಬೆನ್ನು ಕೊಟ್ಟು ಕೂಡು."

"ಅಜ್ಜಿ, ಮೈಲಿಗಿ ಆಗ್ತದ."

"ಆಗಲಿ ಕೂಡು."

ವೆಂಕೂ ಕೂತಳು. ಸೆರಗು ಸರಿಯಿತು, ತುರುಬು ಬಿಚ್ಚಿಕೊಂಡಿತು. ತುಳಸಮ್ಮನವರು ಕೂದಲನ್ನು ಎರಡು ಕೈಯಲ್ಲಿ ಹಿಡಿದು, ಮೂರು ಪಾಲು ಮಾಡಿ, ಒಂದರ ಮೇಲೊಂದು ಹಾಕಿದರು. ಅದು ಬಿಚ್ಚಿಹೋಯಿತು. ಮತ್ತೆ ಹಾಕಿದರು, ಮತ್ತೆ ಬಿಚ್ಚಿತು. ಹೊರಗೆ ಗಾಡಿಯವನು ಹೊತ್ತಾಯಿತೆಂದು ಕೂಗಿದ.

"ಹನ್ನೊಂದರ ತನಕ ನಮ್ಮವ್ವ ಹಾಕ್ತಿದ್ದಳು," ತುಳಸಮ್ಮನವರ ಬೆರಳು ನಿಂತವು. "ಹೆರಳು ಹಾಕಲಿಕ್ಕೆ ನನಗ ಬರಂಗಿಲ್ಲೇ ವೆಂಕೂ. ಯಾವ ಪಾಲು ಮ್ಯಾಲೆ ಬರಬೇಕು, ತೋರಸು."

ವೆಂಕೂ ಕೈಯನ್ನು ಹಿಂದಕ್ಕೆ ಚಾಚಿ ಅಜ್ಜಿಯ ಬೆರಳು ಹಿಡಿದಳು.