ಅಕ್ಕ ಒತ್ತಿದ ಗುರುತು

ಶಾಸಕನಾಗುವ ಮುಂಚೆ ಆತ ಟೈಲರ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಆತ ಹೊಲಿಗೆ ಯಂತ್ರ ತುಳಿಯುತ್ತಿದ್ದ, ಅಕ್ಕ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು. ಸವೆದ ಕಾಲರನ್ನು ಬಿಚ್ಚಿ, ಒಳಮೈ ಮೇಲೆ ಬರುವಂತೆ ತಿರುಗಿಸಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂರು ಸಲ ಗೆದ್ದ ಮೇಲೂ ಊರಿಗೆ ಆತ ಟೈಲರಣ್ಣನೇ.

ಮೊದಲೆರಡು ಸಲ ಗೆದ್ದದ್ದು ಬುಟ್ಟಿ ಗುರುತಿನಲ್ಲಿ. ಎರಡನೇ ಅವಧಿಯ ನಡುವೆ ನಿಗಮದ ಅಧ್ಯಕ್ಷಗಿರಿಯ ಆಸೆಗೆ ಬಿದ್ದು ಕೊಡೆ ಗುರುತಿನವರ ಜೊತೆ ಹೋಗಿ ಕೂತ. ರಾಜೀನಾಮೆ ಕೊಡಲಿಲ್ಲ. ಪಕ್ಷ ಬಿಟ್ಟನೆಂದು ಅವನ ಮೇಲೆ ಹೋದ ದೂರು ಸಭಾಧ್ಯಕ್ಷರ ಕಪಾಟಿನಲ್ಲಿ ಅವಧಿ ಮುಗಿಯುವವರೆಗೆ ಮುಸುಕೆಳೆದು ಮಲಗಿತು. ಮೂರನೇ ಸಲ ಕೊಡೆಯಲ್ಲೇ ಗೆದ್ದ. ಆದರೆ ಕೊಡೆಯವರು ಅಧಿಕಾರ ಕಳೆದುಕೊಂಡರು, ಗಂಟೆ ಗುರುತಿನವರು ಬಂದರು. ಊರಿನ ಆಸ್ಪತ್ರೆಯಲ್ಲಿ ಏಳುತ್ತಿದ್ದ ಹೆರಿಗೆ ವಾರ್ಡು ಕಿಟಕಿ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹೆಂಗಸರು ದೂರದ ಪಟ್ಟಣಕ್ಕೆ ಹೋಗುವ ದಾರಿಯಲ್ಲೇ, ಆಂಬುಲೆನ್ಸಿನೊಳಗೆ ಹೆರತೊಡಗಿದರು.

ಒಂದು ಬೆಳಿಗ್ಗೆ ಗಂಟೆಯವರ ಕಡೆಯಿಂದ ಒಬ್ಬ ವಕೀಲ ಬಂದ.

"ನಮ್ಮ ಕಡೆ ಬನ್ನಿ ಟೈಲರಣ್ಣ. ಮೂರು ತಿಂಗಳಲ್ಲಿ ವಾರ್ಡಿಗೆ ತಾರಸಿ ಬೀಳುತ್ತೆ."

"ರಾಜೀನಾಮೆ ಕೊಡಬೇಕಾ?"

"ಅಯ್ಯೋ, ಯಾಕೆ? ಸುಮ್ನೆ ಎದ್ದು ಈ ಕಡೆ ಬಂದು ಕೂತ್ಕೊಳ್ಳಿ. ಸಭಾಧ್ಯಕ್ಷರು ನಮ್ಮೋರೇ. ನಿಮಗೇನು ಹೊಸದಾ ಇದು?"

ಆ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಆದರೂ ಹೂಂ ಅಂದ. ರಾಜಧಾನಿಗೆ ಹೊರಡುವ ಮುನ್ನ, ಯಾವ ದೊಡ್ಡ ಕೆಲಸಕ್ಕೂ ಮೊದಲು ಮಾಡುವಂತೆ, ಅಕ್ಕನ ಕಾಲು ಮುಟ್ಟಲು ಹೋದ.

ಅಕ್ಕ ಹಳೆಯ ಅಂಗಡಿಯಲ್ಲೇ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ಬೆರಳುಗಳು ಗುಂಡಿಯ ಜಾಗ ಹುಡುಕಿಕೊಳ್ಳುತ್ತಿದ್ದವು. ತಮ್ಮ ಹೇಳಿದ್ದನ್ನೆಲ್ಲ ಕೇಳಿ, ಸೂಜಿಯನ್ನು ಸೆರಗಿಗೆ ಸಿಕ್ಕಿಸಿದಳು.

"ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋದ ಸಲ ನನ್ನ ಓಟು ನಿನಗೆ ಬೀಳಲಿಲ್ಲ ಕಣೋ."

"ಏನಕ್ಕಾ ಹಾಗಂದ್ರೆ?"

"ಓದೋಕೆ ಬರದವಳು ನಾನು. ಎರಡು ಸಲ ಬುಟ್ಟಿ ಬುಟ್ಟಿ ಅಂತ ನೀನೇ ಬಾಯಿಪಾಠ ಮಾಡಿಸಿದ್ದೆ. ಒಳಗೆ ಹೋದೆ, ಬುಟ್ಟಿ ಕಂಡಿತು, ನನ್ನ ತಮ್ಮ ಅಂತ ದೇವರನ್ನ ನೆನೆದು ಒತ್ತಿದೆ. ಹೊರಗೆ ಬಂದ ಮೇಲೆ ಪಕ್ಕದವಳು ಕೊಡೆ ಅಂದಾಗ ಎದೆ ಧಸಕ್ ಅಂತು."

ಆತ ನಗಲು ನೋಡಿದ. ಅಕ್ಕ ನಗಲಿಲ್ಲ.

"ಆಗಲೂ ಕಾಲು ಮುಟ್ಟಿ ಹೋದೆ, ಆದ್ರೆ ಗುರುತು ಬದಲಾಯಿಸೋ ವಿಷಯ ನನ್ನನ್ನ ಒಂದು ಮಾತು ಕೇಳಲಿಲ್ಲ. ನಾನು ಬಿಡು, ಒಡಹುಟ್ಟಿದವಳು. ಊರಲ್ಲಿ ನನ್ನಂಥವರು ಇನ್ನೆಷ್ಟು ಜನರೋ?" ಅಕ್ಕ ಕೈಚಾಚಿ ಅವನ ಕಾಲರನ್ನು ಬೆರಳಲ್ಲಿ ಸವರಿದಳು. "ಕಾಲರನ್ನ ಎಷ್ಟು ಸಲ ತಿರುಗಿಸಬಹುದು, ಟೈಲರ್?"

"ಒಂದೇ ಸಲ ಅಕ್ಕಾ."

"ಆಮೇಲೆ?"

"ಬಟ್ಟೆ ಹೊಸದು ತಂದು, ಅಳತೆ ತಗೊಂಡು ಹೊಲೀಬೇಕು."

"ವಾರ್ಡು ಬೇಕು. ನನ್ನ ಸೊಸೆ ಆಂಬುಲೆನ್ಸಲ್ಲಿ ಹೆತ್ತಿದ್ದು ನಾನು ಮರೆತಿಲ್ಲ. ಆದ್ರೆ ಅಳತೆ ತಗೊಂಡು ಹೋಗು."

"ರಾಜೀನಾಮೆ ಕೊಟ್ಟು ಸೋತ್ರೆ? ಕುರ್ಚೀನೂ ಇಲ್ಲ, ವಾರ್ಡೂ ಇಲ್ಲ."

"ಆಗ ಜನರನ್ನ ಕೇಳಿ ಸೋತೆ ಅಂತಾಗುತ್ತೆ. ದೇವರ ಮುಂದೆ ನಿಲ್ಲೋಕೆ ಅಷ್ಟು ಸಾಕು."

ಆತ ಯಂತ್ರದ ಖಾನೆ ಎಳೆದು ಹಳೆಯ ಅಳತೆಪುಸ್ತಕ ತೆಗೆದ. ಹೊರಗೆ ಬಸ್ಸುಗಳು ಬಂದವು, ಹೋದವು. ನಮ್ಮನ್ನು ಸೃಷ್ಟಿಸಿದವನು ದಿನಕ್ಕೆ ಎಷ್ಟು ಸಲ ನಾವು ತಿದ್ದಿಕೊಳ್ಳಲಿ ಎಂದು ಕಾಯುತ್ತಾನೋ, ನಮಗೆ ತಿಳಿಯುವುದು ಯಾವಾಗಲೋ ಒಮ್ಮೆ. ಆತ ಪುಸ್ತಕದಿಂದ ಒಂದು ಹಾಳೆ ಹರಿದು ಅಲ್ಲೇ ಮೂರು ಸಾಲಿನ ರಾಜೀನಾಮೆ ಬರೆದ.

ಮರುದಿನ ಸಭಾಧ್ಯಕ್ಷರ ಕೋಣೆಯ ಹೊರಗೆ ವಕೀಲ ಕೈ ಹಿಡಿದುಕೊಂಡ. "ಹುಚ್ಚಾ ನಿಮಗೆ? ಇನ್ನೂ ಮೂರು ವರ್ಷ ಇದೆ!"

"ಆ ಮೂರು ವರ್ಷ ಜನ ಕೊಡೆಗೆ ಕೊಟ್ಟಿದ್ದು, ಗಂಟೆಗಲ್ಲ. ನಿಮ್ಮ ಗುರುತಲ್ಲೇ ನಿಲ್ತೀನಿ. ಆದ್ರೆ ಕೇಳಿ ನಿಲ್ತೀನಿ. ಟಿಕೆಟ್ ಕೊಡೋದು ಬಿಡೋದು ನಿಮಗೆ ಸೇರಿದ್ದು."

ಒಳಗೆ ಸಭಾಧ್ಯಕ್ಷರು ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಯಾರದೋ ಎದೆಸುತ್ತು, ತೋಳುದ್ದದ ಅಳತೆ. ನಿಯಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ ಕೇಳಿದರು: "ಇದು ಸ್ವಂತ ಇಚ್ಛೆಯಿಂದ ಕೊಟ್ಟದ್ದೇ? ಯಾರ ಒತ್ತಾಯವೂ ಇಲ್ಲ ತಾನೆ?"

"ಒತ್ತಾಯ ಇಲ್ಲ ಸರ್. ನಮ್ಮಕ್ಕ ಕಾಲರ್ ಮುಟ್ಟಿ ನೋಡಿದಳು, ಅಷ್ಟೆ."

ಅವರಿಗೆ ಅರ್ಥವಾಗಲಿಲ್ಲ. ಅಂಗೀಕರಿಸಿದರು.

ಎರಡು ತಿಂಗಳಿಗೆ ಉಪಚುನಾವಣೆ ಬಂತು. ಗಂಟೆಯವರು ಗೊಣಗುತ್ತಲೇ ಟಿಕೆಟ್ ಕೊಟ್ಟರು. ಕಾರನ್ನು ಓಣಿಯ ತುದಿಯಲ್ಲೇ ಬಿಟ್ಟು, ಆತ ನಡೆದು ಮೊದಲು ಹೋದದ್ದು ಅಕ್ಕನಲ್ಲಿಗೆ. ಮಾದರಿ ಮತಪತ್ರ ಬಿಡಿಸಿ, ಅವಳ ಬೆರಳು ಹಿಡಿದು ಗಂಟೆಯ ಮೇಲಿಟ್ಟ.

"ಬುಟ್ಟಿ ಬಿಟ್ಟೆ, ಕೊಡೆನೂ ಬಿಟ್ಟೆ. ಯಾಕೆ ಬಿಟ್ಟೆ ಅಂತ ಹೇಳೋಕೆ ಬಂದಿದೀನಿ. ಓಟು ಕೊಡ್ತೀಯಾ ಅಕ್ಕಾ?"

ಅಕ್ಕ ಬೆರಳು ಹಿಂದೆಳೆದುಕೊಂಡು, ದಾರವನ್ನು ಹಲ್ಲಲ್ಲಿ ಕತ್ತರಿಸಿದಳು.

"ಯೋಚನೆ ಮಾಡ್ತೀನಿ. ನನ್ನ ಹತ್ರ ಕೇಳಿದ್ದಾಯ್ತಲ್ಲ, ಏಳು. ಪಕ್ಕದ ಮನೆ ಬಾಗಿಲು ತೆಗೆದಿದೆ."

ಆತ ಎದ್ದು, ಕಾಲರ್ ಸರಿಮಾಡಿಕೊಂಡು, ಪಕ್ಕದ ಮನೆಯ ಮೆಟ್ಟಿಲು ಹತ್ತಿದ.