ದರ್ಜಿಯ ಒಂದೇ ಕಣ್ಣು

ಮಗಳು ಕಣ್ಣಿನ ಡಾಕ್ಟರ್. ಅಳಿಯಂದಿರು ಆಪರೇಷನ್ನಿಗೆ ಮೊದಲು ಕಣ್ಣು ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಡಾಕ್ಟರ್. ವರ್ಷಕ್ಕೊಮ್ಮೆ ಇಬ್ಬರೂ ರಜೆ ಹಾಕಿ, ಕಣ್ಣಿನ ಡಾಕ್ಟರಿಲ್ಲದ ಯಾವುದಾದರೂ ದೇಶಕ್ಕೆ ಹೋಗಿ ಪೊರೆ ತೆಗೆದು ಬರುತ್ತಾರೆ. ಈ ಸಲ ನನ್ನನ್ನೂ ಕರೆದುಕೊಂಡು ಹೋದರು. ಸುಮ್ಮನೆ ಕೂತಿರಲು ಬಾ ಎಂದಿದ್ದಳು ಮಗಳು. ಸುಮ್ಮನೆ ಕೂತರೆ ನನಗೆ ಅನ್ನ ಸೇರುವುದಿಲ್ಲ ಎಂದು ಗೊತ್ತಿದ್ದೂ ಹಾಗೆಂದಳು.

ಶಾಲೆಯೊಂದರ ಎರಡು ಕೋಣೆಗಳೇ ನಮ್ಮ ಆಸ್ಪತ್ರೆ. ಹಿಂದಿನದರಲ್ಲಿ ಆಪರೇಷನ್. ಮುಂದಿನದರಲ್ಲಿ ನಾನು, ಆಪರೇಷನ್ನಿಗೆ ಮಗಳು ಆರಿಸಿದವರ ಮುಖ ಒರೆಸಿ, ತಲೆ ಬಾಚಿ, ಹಸಿರು ಟೋಪಿ ತೊಡಿಸಿ ಕೂರಿಸಬೇಕು. ಟೋಪಿಯಿದ್ದವರು ಮಾತ್ರ ಒಳಗೆ ಹೋಗುತ್ತಿದ್ದರು. ಬಂದವರಿಗೆಲ್ಲ ಟೋಪಿ ಹಾಕುವುದರಲ್ಲಿ ಅತ್ತೆಯ ಕೈ ಪಳಗಿತು ಎಂದು ಅಳಿಯಂದಿರು ಕೀಟಲೆ ಮಾಡುತ್ತಿದ್ದರು.

ಕೊನೆಯ ದಿನ ಬೆಂಚಿನ ತುದಿಯಲ್ಲಿ ಒಬ್ಬ ದರ್ಜಿ ಹೆಂಗಸು ಕೂತಿದ್ದಳು. ಕೂದಲು ಕೆದರಿ ಮುಖಕ್ಕೆ ಬಿದ್ದಿತ್ತು. ಪಕ್ಕದವಳ ತಲೆ ಬಾಚಿ ಇವಳನ್ನು ಹಾಗೇ ಬಿಡುವುದು ನನ್ನಿಂದಾಗಲಿಲ್ಲ. ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ ಬಾಚಿದ ಕೈ ಇದು. ಬಾಚಿದೆ, ಜಡೆ ಹೆಣೆದೆ, ಅದೇ ಓಘದಲ್ಲಿ ಟೋಪಿಯನ್ನೂ ತೊಡಿಸಿದೆ. ಅವಳು ನನ್ನ ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡಳು. ಜಡೆ ಹಾಕಿದ್ದಕ್ಕೆ ಇಷ್ಟೇಕೆ ಎಂದುಕೊಂಡೆ.

ಹೊರಬಂದ ಮಗಳು ಅವಳನ್ನು ಕಂಡು ನಿಂತುಬಿಟ್ಟಳು. ದರ್ಜಿಯ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಪೊರೆ ಬಂದದ್ದು ಉಳಿದೊಂದಕ್ಕೆ. ಇರುವ ಒಂದೇ ಕಣ್ಣನ್ನು ಇಂಥ ಕಡೆ ಮುಟ್ಟಬಾರದೆಂಬುದು ಮಗಳ ನಿಯಮ. ನಾವು ಮರುದಿನ ಹೊರಡುವವರು. ಆಮೇಲೆ ಕೀವಾದರೆ ನೋಡುವವರಿಲ್ಲ. ಆಗುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿಸಿದ್ದಳಂತೆ. ನಾನು ಹಾಕಿದ ಟೋಪಿಯಿಂದ ಡಾಕ್ಟರ ಮನಸ್ಸು ಬದಲಾಯಿತೆಂದು ದರ್ಜಿ ನಂಬಿದ್ದಳು.

"ಟೋಪಿ ತೆಗಿಯಮ್ಮ," ಎಂದಳು ಮಗಳು.

ನಾನು ಕೈಯೆತ್ತಿದ್ದೇ ತಡ, ದರ್ಜಿ ಟೋಪಿಯನ್ನು ಅದುಮಿ ಹಿಡಿದಳು.

"ನೀನೇ ತೆಗಿ. ನನ್ ಕೈಲಾಗಲ್ಲ," ಎಂದೆ ಮಗಳಿಗೆ.

ಮಗಳು ಅವಳ ಪಕ್ಕ ಕೂತು, ಆ ಊರಿನ ನರ್ಸಮ್ಮನ ಬಾಯಲ್ಲಿ ವಿವರಿಸಿದಳು: ಕೆಟ್ಟರೆ ಈಗಿರುವ ಮಂಜು ಬೆಳಕೂ ಹೋಗುತ್ತದೆ.

"ಅದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?" ಎಂಬರ್ಥದ ಮಾತನ್ನು ದರ್ಜಿ ಆಡಿದಳು. ಗೋಡೆ ಯಾವುದು, ಬಾಗಿಲು ಯಾವುದು ಎಂದು ಈಗಲೂ ತಡವಿಯೇ ನೋಡುತ್ತಾಳಂತೆ.

ಮಗಳು ನನ್ನತ್ತ ತಿರುಗಿದಳು. "ಒಂದು ವಾರ ದಿನಾ ಕಣ್ಣು ನೋಡೋರು ಬೇಕಮ್ಮ."

"ನೀನು ನೋಡು, ನಾನು ಹನಿ ಹಾಕ್ತೀನಿ. ಅಳಿಯಂದಿರು ಮುಂದಾಗಿ ಊರಿಗೆ ಹೋಗ್ಲಿ."

"ರಜೆ ಕೊಟ್ಟ ಮೇಲಿನವ್ರಿಗೆ ಏನ್ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ ಹೇಳು. ಅಮ್ಮ ತಪ್ಪಿ ಟೋಪಿ ಹಾಕಿಬಿಟ್ಲು ಅನ್ನು."

ಮಗಳು ಆ ಕಣ್ಣನ್ನು ಮತ್ತೊಮ್ಮೆ ಪರೀಕ್ಷಿಸಿದಳು. ಆಮೇಲೆ ಎದ್ದು ಕೈ ತೊಳೆಯಲು ಹೋದಳು. ಅಳಿಯಂದಿರು ಇಂಜೆಕ್ಷನ್ ತುಂಬಿಸಿದರು.

ಮರುದಿನ ಪಟ್ಟಿ ಬಿಚ್ಚಿದಾಗ ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದಳು. ನರ್ಸಮ್ಮನಿಗೆ ನಗು.

"ಹನಿ ಹಾಕೋದು ಈ ಮುದುಕೀನಾ, ಕೈ ನಡುಗಲ್ವಾ ಅಂತ ಕೇಳ್ತಿದಾಳೆ."

ನಡುಗುತ್ತದೆ, ಸುಳ್ಳೇಕೆ. ಮೊದಲ ಹನಿ ಕೆನ್ನೆಗೆ ಬಿತ್ತು. ವಾರ ಮುಗಿದಾಗ ಕಣ್ಣು ತಿಳಿಯಾಗಿತ್ತು, ಕೀವಿನ ಸುಳಿವಿರಲಿಲ್ಲ. ಅಷ್ಟರಲ್ಲಿ ದರ್ಜಿ ತಾನೇ ಹನಿ ಹಾಕಿಕೊಳ್ಳಲು ಕಲಿತು, ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದಳು.